ಯಾರೂ ಕ್ಯಾಮೆರಾ ನೋಡದ ಸಿನಿಮಾ

ಈ ಸಂಗತಿಯನ್ನು ಬರೆಯುತ್ತೇನೆ, ಬರೆಯುತ್ತೇನೆ ಎಂದು ಮುಂದೂಡುತ್ತಲೇ ಬಂದಿದ್ದೇನೆ. ಕಾಫಿ ಕುಯ್ಲು ಮುಗಿಯಲಿ ಅಂದುಕೊಂಡೆ, ಮುಗಿಯಿತು. ಮೆಣಸು ಬಿಡಿಸಿ ಆಗಲಿ ಅಂದುಕೊಂಡೆ, ಅದೂ ಆಯಿತು. ಆಮೇಲೆ ಮಂಡಿನೋವು ಜಾಸ್ತಿಯಾಯಿತು. ಬರೆಯುವುದಕ್ಕೆ ಮಂಡಿ ಯಾಕೆ ಬೇಕು ಎಂದು ನೀವು ಕೇಳಬಹುದು. ನನ್ನ ಹೆಂಡತಿ ಜಯಮ್ಮನೂ ಕೇಳಿದಳು.

ಇನ್ನು ಸಾಕು ಎಂದು ತೀರ್ಮಾನ ಮಾಡಿದ್ದು ನಮ್ಮ ಮನೆಯ ಕೋಳಿ.

ಮೊನ್ನೆ ಬೆಳಿಗ್ಗೆ ಜಯಮ್ಮ ಸೌದೆ ಕೊಟ್ಟಿಗೆಯಿಂದ ಕೂಗಿದಳು. "ಏನೂಂದ್ರೆ, ಬನ್ನಿ ಇಲ್ಲಿ. ನಿಮ್ಮ ಪೇಟದೊಳ್ಗೆ ಕೋಳಿ ಕೂತ್ಕಂಡದೆ."

ಹೋಗಿ ನೋಡಿದೆ. ನಿಜ. ಸನ್ಮಾನದ ದಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿದ್ಧವಾಗಿ ಬರುತ್ತದಲ್ಲ, ರಟ್ಟಿನ ಮೇಲೆ ಬಟ್ಟೆ ಸುತ್ತಿ ಜರಿ ಅಂಟಿಸಿದ ಮೈಸೂರು ಪೇಟ, ಅದು ಅಟ್ಟದಿಂದ ಹೇಗೋ ಜಾರಿ ಸೌದೆಯ ಮೇಲೆ ತಲೆಕೆಳಗಾಗಿ ಬಿದ್ದಿತ್ತು. ಒಳಗೆ ನಮ್ಮ ಕಂದು ಕೋಳಿ ರೆಕ್ಕೆ ಅಗಲಿಸಿ ಕೂತು, ನನ್ನನ್ನು ಬಾಕಿ ವಸೂಲಿಗೆ ಬಂದವನನ್ನು ನೋಡುವಂತೆ ನೋಡಿತು. ನನ್ನ ತಲೆಗೆ ಒಂದು ಗಳಿಗೆಯೂ ನೆಟ್ಟಗೆ ನಿಲ್ಲದ ಪೇಟ ಅದಕ್ಕೆ ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು.

"ಎಬ್ಬಿಸ್ಬೇಡಿ, ಕಾವಿಗೆ ಕೂತದೆ," ಅಂದಳು ಜಯಮ್ಮ. "ಆ ಪೇಟದಿಂದ ಇಷ್ಟು ದಿನಕ್ಕೆ ಏನೋ ಒಂದು ಹೊರಗೆ ಬರ್ತದೆ. ನಿಮ್ಮ ಬಾಯಿಂದಂತೂ ಬರ್ಲಿಲ್ಲ."

ಅದಕ್ಕೇ ಬರೆಯಲು ಕೂತಿದ್ದೇನೆ.

ನಾನು ಎಸ್ಸೆಸ್ಸೆಲ್ಸಿ ಓದಿದವನು. ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ಎಸ್ಟೇಟಿನ ರೈಟರ್ ಕತೆ ಬರೆಯುವುದಿಲ್ಲ. ಬೆಳಿಗ್ಗೆ ಸಾಲುಮನೆಗಳ ಲೈನಿನ ಮುಂದೆ ನಿಂತು ಆಳುಗಳ ಹಾಜರಿ ಹಾಕುತ್ತಾನೆ, ಸಂಜೆ ಕುಯ್ದ ಹಣ್ಣನ್ನು ತೂಕ ಹಾಕಿಸುತ್ತಾನೆ. ನಮ್ಮ ತಂದೆ ಹಾಸನದ ಕಡೆಯಿಂದ ಬಂದು ಹಾರಂಗಿ ನಾಲೆಯ ಪಕ್ಕದಲ್ಲಿ ಸ್ವಲ್ಪ ಜಮೀನು ಮಾಡಿದ್ದರು. ಕೆಲಸ ಬಿಟ್ಟ ಮೇಲೆ ನಾನೂ ಅಲ್ಲಿಗೇ ಬಂದು ಸೇರಿದೆ. ಜಮೀನಿಗೆ ಬಂದರೂ ಹೆಸರು ಬಿಡಲಿಲ್ಲ. ಈಗಲೂ ಕುಶಾಲನಗರದ ಪೇಟೆಯಲ್ಲಿ ನಾನು ಎಲ್ಲರಿಗೂ ರೈಟ್ರು.

ಪೇಟದ ವಿಷಯಕ್ಕೆ ಬರುವ ಮೊದಲು ಫೋಟೋ ವಿಷಯ ಒಂದಿಷ್ಟು ಹೇಳಬೇಕು. ನಾವು ಸ್ಕೂಲಿನಲ್ಲಿದ್ದಾಗ ವರ್ಷಕ್ಕೊಂದು ಗ್ರೂಪ್ ಫೋಟೋ. ಸೋಮವಾರಪೇಟೆಯಿಂದ ಒಬ್ಬರು ಮೂರು ಕಾಲಿನ ಪೆಟ್ಟಿಗೆ ತಂದು ನಿಲ್ಲಿಸಿ, ಕರೀ ಬಟ್ಟೆಯೊಳಗೆ ತಲೆ ತೂರಿಸುತ್ತಿದ್ದರು. ನಮ್ಮ ಹೆಡ್ ಮಾಸ್ಟರು ಪಕ್ಕದಲ್ಲೇ ಹುಣಸೆ ಬರಲು ಹಿಡಿದು ನಿಂತಿರುತ್ತಿದ್ದರು. ರೆಪ್ಪೆ ಬಡಿದವನಿಗೆ ಒಂದು ಏಟು, ಆ ಕಡೆ ಈ ಕಡೆ ನೋಡಿದವನಿಗೆ ಎರಡು. ಹಾಗಾಗಿ ನನ್ನ ತರಗತಿಯ ಫೋಟೋದಲ್ಲಿ ನಾವೆಲ್ಲ ಹುಲಿ ಕಂಡವರಂತೆ ಕಣ್ಣರಳಿಸಿ ನಿಂತಿದ್ದೇವೆ. ಆ ಅಭ್ಯಾಸ ನನ್ನನ್ನು ಜೀವಮಾನವಿಡೀ ಬಿಡಲಿಲ್ಲ. ನನ್ನ ಮದುವೆ ಫೋಟೋದಲ್ಲಿ ತಾಳಿ ಕಟ್ಟುವಾಗಲೂ ನಾನು ಜಯಮ್ಮನ ಕುತ್ತಿಗೆ ನೋಡುತ್ತಿಲ್ಲ, ಕ್ಯಾಮೆರಾ ನೋಡುತ್ತಿದ್ದೇನೆ. "ನನ್ನ ಜಡೆಗೇ ಗಂಟು ಹಾಕ್ಬಿಟ್ಟಿದ್ರು," ಎಂದು ಅವಳು ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾಳೆ. ಅದು ಪೂರ್ತಿ ಸುಳ್ಳೇನಲ್ಲ.

ಈಗ ವಿಡಿಯೋ ಬಗ್ಗೆ. ನಮ್ಮ ಸುತ್ತಿನಲ್ಲಿ ವಿಡಿಯೋ ಎಂದರೆ ಒಬ್ಬ ಮನುಷ್ಯ. ಪೇಟೆಯ ಬಸ್ ನಿಲ್ದಾಣದ ಹಿಂದೆ 'ಭವಾನಿ ವಿಡಿಯೋಸ್' ಎಂಬ ಚಿಕ್ಕ ಅಂಗಡಿ. ಭವಾನಿ ಅವರ ಹೆಂಡತಿ. ಕೊಡವರ ಮದುವೆ, ಗೌಡರ ಮದುವೆ, ಮಾಪಿಳ್ಳೆಯವರ ನಿಕಾಹ್, ಚರ್ಚಿನ ಮದುವೆ, ಗೃಹಪ್ರವೇಶ, ನಾಮಕರಣ, ಯಾವುದೇ ಇರಲಿ, ಹೆಗಲ ಮೇಲೆ ಕ್ಯಾಮೆರಾ ಹೊತ್ತು ಅವರೇ ಬರಬೇಕು. "ವಿಡಿಯೋ ಬಂದ್ರಾ?" "ವಿಡಿಯೋಗೆ ಊಟಕ್ಕೆ ಹಾಕ್ರೋ." "ಈ ಸಲ ವಿಡಿಯೋಗೆ ಜ್ವರವಂತೆ, ಮಗಳ ಮದುವೆ ಮುಂದಕ್ಕೆ ಹಾಕೋಣ್ವ?" ಹೀಗೆ. ನನ್ನ ಫೋನಿನಲ್ಲೂ ಅವರು ವಿಡಿಯೋ ಎಂದೇ ಇದ್ದಾರೆ. ಆಗ ಹಾಗೆ ಕರೆಯುತ್ತಿದ್ದೆ, ಸದ್ಯಕ್ಕೆ ಇಲ್ಲೂ ಹಾಗೇ ಕರೆಯುತ್ತೇನೆ.

ಒಂದು ದಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಅವರು ಹೇಳಿದರು: "ರೈಟ್ರೇ, ನಾನು ಕ್ಯಾಮೆರಾ ಹಿಡಿದು ತಲೆ ನೆರೀತು. ಎತ್ತಿದ ಕೂಡ್ಲೇ ಜನ ಇತ್ತ ತಿರುಗಿ ಹಲ್ಲು ಬಿಡ್ತಾರೆ. ಅಳ್ತಾ ಇದ್ದ ಹುಡುಗಿ ತಾಯೀನೂ ಕಣ್ಣೊರೆಸ್ಕೊಂಡು ಹಲ್ಲು ಬಿಡ್ತಾಳೆ. ಸಾಯೋದ್ರೊಳ್ಗೆ ಒಂದೇ ಒಂದು ಸಿನಿಮಾ ಮಾಡ್ಬೇಕು. ಅದ್ರಲ್ಲಿ ಒಬ್ಬರೂ ಕ್ಯಾಮೆರಾ ನೋಡ್ಬಾರ್ದು."

"ಕತೆ?"

"ಕತೆ ದೊಡ್ಡದಿಲ್ಲ. ಒಬ್ಬಳು ಹೆಂಗಸು. ಹೋದ ವರ್ಷ ಮಳೇಲಿ ಯಾರದೋ ಮನೇಲಿ ಕೊಡೆ ಇಸ್ಕೊಂಡಿರ್ತಾಳೆ. ಅದನ್ನ ವಾಪಸ್ ಕೊಡೋಕೆ ಬಸ್ ಹತ್ಕೊಂಡು ಕರಿಕೆಗೆ ಹೋಗ್ತಾಳೆ."

"ಆಮೇಲೆ?"

"ಕೊಡ್ತಾಳೆ."

"ಕೊಟ್ಟಾದ್ಮೇಲೆ?"

"ಮಳೆ ಬರ್ತದೆ. ನೆನ್ಕೊಂಡು ವಾಪಸ್ ನಡೀತಾಳೆ."

ಇದನ್ನು ಹೇಳುವಾಗ ಅವರ ಮುಖ ನೋಡಬೇಕಿತ್ತು. ಕಾಫಿ ಆರಿ ಕೆನೆ ಕಟ್ಟಿತ್ತು. ಕರಿಕೆ ಅವರ ಊರು. ಕೇರಳದ ಗಡಿಯ ಕಾಡಿನೊಳಗಿನ ಊರು. ಕೊಡೆಯದ್ದು ಅವರ ತಾಯಿಯ ಕತೆಯಿರಬಹುದು. ನಾನು ಕೇಳಲಿಲ್ಲ. ನಾನು ಕೇಳಿದ್ದು, "ಫೈಟಿಂಗ್ ಇಲ್ವಾ?" ಎಂದು.

ಬೆಂಗಳೂರಿನ ಒಬ್ಬ ನಿರ್ಮಾಪಕರ ಹತ್ತಿರ ಹೋಗಿದ್ದರಂತೆ. ಆತ ಕತೆ ಕೇಳಿ, ಕೊಡೆಯೊಳಗೆ ವಜ್ರ ಇಟ್ಟರೆ ಯೋಚನೆ ಮಾಡಬಹುದು ಎಂದನಂತೆ. ಇದು ಯಾರ ಹಂಗೂ ಇಲ್ಲದ ಸಣ್ಣ ಸಿನಿಮಾ ಆಗಬೇಕೆಂದು ವಿಡಿಯೋ ಆಸೆ. ಕ್ಯಾಮೆರಾ ಸ್ವಂತದ್ದು, ಮದುವೆಯ ಲೈಟುಗಳಿವೆ, ನಾಯಕಿ ಸ್ವಂತ ಹೆಂಡತಿ. "ಅವಳು ನಮ್ಮ ಮದುವೆ ಫೋಟೋದಲ್ಲೂ ತಲೆ ಎತ್ತಿಲ್ಲ. ಅವಳಷ್ಟು ಚೆನ್ನಾಗಿ ಕ್ಯಾಮೆರಾ ನೋಡದೆ ಇರೋರು ಇಡೀ ಜಿಲ್ಲೇಲಿ ಸಿಗಲ್ಲ." ಆದರೂ ಊಟ, ಡೀಸೆಲ್, ಬಸ್ಸಿನ ಬಾಡಿಗೆ, ಧ್ವನಿ ಹಿಡಿಯುವವನ ಸಂಬಳ, ಇದಕ್ಕೆಲ್ಲ ಹಣ ಬೇಕು.

"ದುಡ್ಡಿನ ಚಿಂತೆ ನನಗೆ ಬಿಡಿ," ಅಂದೆ. ಯಾಕೆ ಹಾಗಂದೆನೋ ಗೊತ್ತಿಲ್ಲ. ಕೆಲಸ ಬಿಟ್ಟ ರೈಟರಿಗೆ ಹಾಜರಿ ಹಾಕಲು ಯಾರೂ ಇಲ್ಲದಿದ್ದರೆ ಕೈ ತುರಿಸುತ್ತದೆ.

ಕೊಡಗಿನವರ ಹತ್ತಿರ ನಗದು ಕೇಳಬಾರದು ಎಂಬುದು ನನ್ನ ಅನುಭವ. ಕೇಳಿದರೆ ಇಲ್ಲ ಎನ್ನುವುದಿಲ್ಲ. ಮಳೆಯ ಮಾತು ತೆಗೆಯುತ್ತಾರೆ. ಕಾಫಿ ಅರಳಿಸುವ ಹೂಮಳೆ ನಿಮ್ಮ ಕಡೆ ಎಷ್ಟು ಸೆಂಟು ಬಿತ್ತು, ನಮ್ಮ ಕಡೆ ಇಂಚು ಮುಟ್ಟಲಿಲ್ಲ, ಎಂದು ಶುರುವಾದರೆ ನೀವು ಬಂದ ಕೆಲಸ ಮರೆತು ಎದ್ದು ಬರುತ್ತೀರಿ. ಆದರೆ ಕುಯ್ಲು ಮುಗಿದ ಮೇಲೆ, ಬೆಲೆ ಏರಲಿ ಎಂದು ಪ್ರತಿ ಮನೆಯಲ್ಲೂ ಸಿಪ್ಪೆ ಸಮೇತ ಒಣಗಿಸಿದ ಚೆರಿ ಕಾಫಿ ಮೂಟೆ ಕಟ್ಟಿ ಇಟ್ಟಿರುತ್ತಾರಲ್ಲ, ಆಗ ಒಂದು ಮೂಟೆ ಕೇಳಿದರೆ ಕೊಡುತ್ತಾರೆ. ಮೂಟೆ ಹೋದದ್ದು ಜೇಬಿಗೆ ಗೊತ್ತಾಗುವುದಿಲ್ಲ.

ಏನೆಂದು ಕೇಳುವುದು? ಅದಕ್ಕೂ ನನಗೊಂದು ಉಪಾಯ ಹೊಳೆಯಿತು: ಮುಯ್ಯಿ. ಮದುವೆ ಮನೆಯಲ್ಲಿ ನೀವು ನಮಗೆ ಮುಯ್ಯಿ ಮಾಡುತ್ತೀರಿ, ನಿಮ್ಮ ಮನೆಯ ಮದುವೆಗೆ ನಾವು ತಿರುಗಿಸುತ್ತೇವೆ. ದಾನವೂ ಅಲ್ಲ, ಸಾಲವೂ ಅಲ್ಲ, ಮರ್ಯಾದೆಯ ವಿಷಯ. "ಸಿನಿಮಾಕ್ಕೆ ಒಂದು ಮುಯ್ಯಿ ಮಾಡಿ," ಎಂದು ಕೇಳುವುದು. ವಿಡಿಯೋ ನನ್ನ ಕೈ ಹಿಡಿದುಕೊಂಡರು. "ನಿಮ್ಮಂಥೋರು ಇರೋದ್ರಿಂದ ಮಳೆ ಬೆಳೆ ಆಗ್ತಿದೆ ರೈಟ್ರೇ," ಅಂದರು. ಮುಯ್ಯಿಯನ್ನು ತಿರುಗಿಸಬೇಕಲ್ಲ, ಯಾವುದರಲ್ಲಿ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಅದನ್ನು ತೋರಿಸಿಕೊಟ್ಟವರು ಪೊನ್ನಂಪೇಟೆಯ ಸುಬೇದಾರ್ ಬೋಪಯ್ಯನವರು. ಸೈನ್ಯದಿಂದ ನಿವೃತ್ತರಾಗಿ ತೋಟ ನೋಡಿಕೊಂಡಿದ್ದಾರೆ. ನಾನೂ ಬಾಡಿಗೆ ಜೀಪಿನ ಹುಡುಗನೂ ಮೊದಲು ಹೋದದ್ದು ಅವರ ಮನೆಗೆ. ಮೂಟೆಯನ್ನು ತಾವೇ ಎತ್ತಿ ಜೀಪಿಗೆ ಹಾಕಿಸಿದರು. ಕೈ ಒರೆಸಿಕೊಂಡು ಕೇಳಿದರು:

"ನಾನು ಎಲ್ಲಿ ಬರ್ತೀನಿ?"

"ಎಲ್ಲಿಗೂ ಬರೋದು ಬೇಡ ಸುಬೇದಾರ್ರೇ, ಮೂಟೆ ನಾವೇ ಮಾರ್ಕೋತೀವಿ."

"ಅದಲ್ಲ ಮಾರಾಯ್ರೇ. ಪಿಕ್ಚರಲ್ಲಿ ನಾನು ಎಲ್ಲಿ ಬರ್ತೀನಿ?"

ಮೂಟೆ ಜೀಪಿನಲ್ಲಿತ್ತು. ಅವರ ಮೀಸೆ ನನ್ನ ಮುಂದಿತ್ತು. "ಬಸ್ಸಲ್ಲಿ ಕೂತಿರ್ತೀರಿ," ಅಂದುಬಿಟ್ಟೆ.

ಅಷ್ಟೇ. ಸಂಜೆಯೊಳಗೆ ಸುದ್ದಿ ನನಗಿಂತ ಮುಂದೆ ಓಡಿತು. ಮುಂದಿನ ಮನೆಗೆ ಹೋದರೆ ಮೂಟೆ ಜಗಲಿಯ ಮೇಲೇ ಕಾಯುತ್ತಿತ್ತು, ಮೂಟೆಯ ಪಕ್ಕದಲ್ಲಿ ಯಜಮಾನರು ಶೇವ್ ಮಾಡಿಕೊಂಡು ನಿಂತಿದ್ದರು. ಒಬ್ಬರು ಚೆರಿಯ ಬದಲು ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿ ಕೊಟ್ಟರು. ಅದರ ಬೆಲೆ ಹೆಚ್ಚು. "ಸುಬೇದಾರ್ರು ಕೊಟ್ಟಿದ್ದು ಚೆರಿ ತಾನೆ? ಅವ್ರು ಕೂತ್ಕೊಳ್ಳಿ. ನಾನು ಮಾತಾಡ್ತೀನಿ." ಆಗಲಿ ಅಂದೆ. ಶನಿವಾರಸಂತೆಯ ವ್ಯಾಪಾರಿ ಶಿವಪ್ಪಣ್ಣ ಒಂದು ಮೂಟೆ ಕರಿಮೆಣಸು ಇಳಿಸಿ, ವಿಭೂತಿ ಸರಿಮಾಡಿಕೊಂಡು ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. ಮೆಣಸಿನ ಬೆಲೆ ಇಬ್ಬರಿಗೂ ಗೊತ್ತಿತ್ತು. "ನಿಮ್ಮ ಮುಖ ಇಡೀ ಪರದೆ ತುಂಬ ಬರ್ತದೆ ಅಣ್ಣ," ಅಂದೆ.

ವಿಡಿಯೋಗೆ ಇದನ್ನು ಹೇಳಲಿಲ್ಲ. ಮೂಟೆ ಮಾರಿದ ಹಣ ಮಾತ್ರ ಕೊಟ್ಟೆ. ಅವರು ಕಣ್ಣಿಗೊತ್ತಿಕೊಂಡು ತೆಗೆದುಕೊಂಡರು.

ಶೂಟಿಂಗ್ ದಿನ ಹಾರಂಗಿಯ ಹತ್ತಿರ ಬಾಡಿಗೆ ಬಸ್ಸು ನಿಂತಿತ್ತು. ಕತೆಯ ಪ್ರಕಾರ ಬೆಳಗಿನ ಸಾಧಾರಣ ಬಸ್ಸು. ಒಳಗೆ ಭವಾನಿ, ಕೊಡೆ, ನಾಲ್ಕೈದು ಪ್ರಯಾಣಿಕರು. ಮುಯ್ಯಿಯವರು ಜೀಪು ಜೀಪಾಗಿ ಬಂದಿಳಿದರು. ಸುಬೇದಾರ್ರು ಮದುವೆಗೆ ತೊಡುವ ಕರೀ ನಿಲುವಂಗಿ ಕುಪ್ಯ ತೊಟ್ಟು, ಸೊಂಟಕ್ಕೆ ಬೆಳ್ಳಿಯ ಪೀಚೆಕತ್ತಿ ಸಿಕ್ಕಿಸಿ, ಎದೆಯ ಮೇಲೆ ಮೆಡಲುಗಳನ್ನೆಲ್ಲ ಹಾಕಿದ್ದರು. ಹೆಂಗಸರು ರೇಷ್ಮೆ ಸೀರೆ, ಮಲ್ಲಿಗೆ. ಶಿವಪ್ಪಣ್ಣ ಅಂಗಡಿಯ ಹೆಸರಿದ್ದ ಚೀಲವನ್ನು ಹೆಸರು ಕಾಣುವಂತೆ ಎದೆಗವಚಿಕೊಂಡಿದ್ದರು.

ವಿಡಿಯೋ ನನ್ನನ್ನು ಪಕ್ಕಕ್ಕೆ ಕರೆದರು. "ಇದೇನು ರೈಟ್ರೇ?"

"ಪ್ರಯಾಣಿಕರು."

"ಇವ್ರು ಎಲ್ಲಿಗೆ ಹೋಗ್ತಾ ಇದ್ದಾರೆ?"

"ಕರಿಕೆಗೆ."

"ಕರಿಕೇಲಿ ಯಾರ ಮದುವೆ?"

ಆಗ ಹೇಳಲೇಬೇಕಾಯಿತು. ಅವರು ಬಸ್ಸಿಗೆ ಒಂದು ಸುತ್ತು ಹಾಕಿ ಬಂದರು. ಆಮೇಲೆ, "ಸರಿ. ಒಂದೇ ಮಾತು ಹೇಳಿ ಅವ್ರಿಗೆ. ಕ್ಯಾಮೆರಾ ನೋಡ್ಬೇಡಿ ಅನ್ನಿ," ಅಂದರು.

ಎಲ್ಲರೂ ಒಪ್ಪಿದರು. ಒಪ್ಪದೇ ಇರಲು ಅದೇನು ದೊಡ್ಡ ವಿಷಯವೇ? ಆದರೆ ಆ ಮನುಷ್ಯ ಕ್ಯಾಮೆರಾ ಎತ್ತಿ ಹೆಗಲಿಗಿಟ್ಟ ಗಳಿಗೆಗೆ ಇಡೀ ಬಸ್ಸು ಅತ್ತ ತಿರುಗಿ ನಕ್ಕಿತು. ಅವರದ್ದೂ ತಪ್ಪಲ್ಲ. ಅಲ್ಲಿದ್ದ ಒಬ್ಬೊಬ್ಬರ ಮದುವೆಯಲ್ಲೂ, ಮಕ್ಕಳ ಮದುವೆಯಲ್ಲೂ ಇದೇ ಮನುಷ್ಯ ಇದೇ ಕ್ಯಾಮೆರಾ ಹಿಡಿದು, "ಈ ಕಡೆ ನೋಡಿ, ಸ್ವಲ್ಪ ನಗಿ," ಎಂದು ಹೇಳಿ ಹೇಳಿ ಪಳಗಿಸಿದ್ದರು. ಗದ್ದೆ ದಾರಿ ಕಂಡ ಎತ್ತು ತಾನಾಗಿ ತಿರುಗುವುದಿಲ್ಲವೇ, ಹಾಗೆ.

ಮತ್ತೆ ತೆಗೆದರು. ಮತ್ತೆ ನಕ್ಕರು. ಕೊನೆಗೆ ಅವರು ಕ್ಯಾಮೆರಾ ಸಮೇತ ಗೋಣಿತಾಟು ಹೊದ್ದು ಸೀಟಿನ ಮರೆಯಲ್ಲಿ ಕೂತರು. ಜನ ಗೋಣಿತಾಟು ನೋಡಿ ನಕ್ಕರು.

"ಸುಬೇದಾರ್ರೇ, ಕಿಟಕಿ ಆಚೆ ನೋಡಿ," ಎಂದು ಗೋಣಿಯೊಳಗಿಂದ ಕೂಗಿದರು.

"ನೋಡ್ತಾನೇ ಇದ್ದೀನಿ."

"ಕತ್ತು ಮಾತ್ರ ಆಚೆ ಇದೆ. ಕಣ್ಣು ಇತ್ಲಾಗಿದೆ."

"ಕಣ್ಣು ನನ್ನ ಮಾತು ಕೇಳ್ತಿಲ್ಲ ಕಣಯ್ಯ. ಯುದ್ಧದಲ್ಲೂ ಹಿಂಗಾಗಿರ್ಲಿಲ್ಲ."

ಪಾರ್ಚ್‌ಮೆಂಟಿನವರಿಗೆ ಒಂದು ಮಾತು ಕೊಟ್ಟಿದ್ದೆವು: 'ಈ ಸೀಟು ಖಾಲಿ ಇದೆಯಾ?' ಎಂದು ಭವಾನಿಯನ್ನು ಕೇಳಬೇಕು. ಅವರು ಕ್ಯಾಮೆರಾವನ್ನೇ ಕೇಳಿದರು. ಶಿವಪ್ಪಣ್ಣನ ಮುಖ ಪರದೆ ತುಂಬ ಬರುವಾಗ ಅವರು ಕಣ್ಣು ಮುಚ್ಚಿ ಕೈ ಮುಗಿದರು. ಬಸ್ಸಿನಲ್ಲಿ ಕ್ಯಾಮೆರಾ ನೋಡದೆ ಕೂತಿದ್ದವಳು ಭವಾನಿ ಒಬ್ಬಳೇ. ಮಡಿಲಲ್ಲಿ ಕೊಡೆ ಇಟ್ಟುಕೊಂಡು ಹೊರಗೆ ನೋಡುತ್ತಿದ್ದಳು. ಊಟದ ಹೊತ್ತಿಗೆ ಮಾತ್ರ ನನ್ನ ಹತ್ತಿರ ಬಂದು ಮೆಲ್ಲಗೆ, "ಅಣ್ಣ, ಅವ್ರಿಗೆ ಬಿಪಿ ಇದೆ," ಅಂದಳು.

ಕರಿಕೆಯ ಭಾಗವನ್ನು ಜೂನ್ ಮಳೆ ಹಿಡಿದ ಮೇಲೆ ತೆಗೆದರು. ಮುಯ್ಯಿಯವರಲ್ಲಿ ಯಾರೂ ಬರಲಿಲ್ಲ. ರೇಷ್ಮೆ ಸೀರೆಗೂ ಜಿಗಣೆಗೂ ಆಗಿಬರುವುದಿಲ್ಲ. ನಾನೂ ಹೋಗಲಿಲ್ಲ, ಮಂಡಿ. ಗಂಡ ಹೆಂಡತಿ ಇಬ್ಬರೇ ಹೋಗಿ, ಒಂದು ವಾರ ನೆನೆದು, ನೆಗಡಿ ಹತ್ತಿಸಿಕೊಂಡು ಬಂದರು. ಬಂದಾಗ ವಿಡಿಯೋ ಮುಖದಲ್ಲಿ ಹೋಟೆಲಿನಲ್ಲಿ ಕತೆ ಹೇಳಿದ ದಿನದ ಕಳೆ ಮತ್ತೆ ಇತ್ತು.

ಆಮೇಲೆ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ನಮಗೆ ಜಗಳವಾಯಿತು. ಬಸ್ಸಿನ ಭಾಗವನ್ನು ಕತ್ತರಿಸಿ ಸಣ್ಣದು ಮಾಡುತ್ತೇನೆ ಎಂದರು ಅವರು.

"ಇದು ಸಿನಿಮಾ ಅಲ್ಲ ರೈಟ್ರೇ, ಹೆಣ್ಣು ಗಂಡು ಇಲ್ದೇ ಇರೋ ಮದುವೆ ವಿಡಿಯೋ. ನಾನು ಯಾವುದನ್ನ ಬಿಟ್ಟು ಓಡಿಹೋಗ್ಬೇಕು ಅಂತಿದ್ನೋ ಅದನ್ನೇ ನನ್ನ ಕೈಲಿ ಮಾಡಿಸಿದ್ರಿ."

"ಮುಯ್ಯಿ ತಗಂಡಿದೀವಿ. ತೀರಿಸದೆ ಇದ್ರೆ ನಾನು ತಲೆ ಎತ್ತಿ ಓಡಾಡೋ ಹಾಗಿಲ್ಲ."

"ನಿಮ್ಮ ತಲೆ," ಎಂದು ಏನೋ ಹೇಳಹೊರಟು ನಿಲ್ಲಿಸಿದರು. ವಯಸ್ಸಿನಲ್ಲಿ ನಾನು ಹಿರಿಯ. ಕಂಪ್ಯೂಟರ್ ಆರಿಸಿ ಹೇಳಿದರು: "ಎಲ್ಲರೂ ಇರ್ಲಿ. ಅವರ ಹೆಸರೂ ಶುರುವಿನಲ್ಲೇ ಬರ್ಲಿ. ಕರಿಕೆಗೆ ಮಾತ್ರ ಕೈ ಹಾಕ್ಬೇಡಿ. ಅದಾದ್ಮೇಲೆ ಕೊನೇಲಿ ನನ್ನ ಹೆಸರು. ಅಷ್ಟು ಸಾಕು ನಂಗೆ."

ಅಷ್ಟು ಸಾಕು ಎಂದ ಆ ಅಷ್ಟನ್ನೂ ನಾನು ಅವರಿಗೆ ಉಳಿಸಲಿಲ್ಲ. ಅದನ್ನೇ ಹೇಳಲು ಹೊರಟಿರುವುದು.

ಸಿನಿಮಾ ಆಯಿತು, ತೋರಿಸುವುದೆಲ್ಲಿ? ಊರಿನ ಟಾಕೀಸು ಮುಚ್ಚಿ ಗೋಡೌನಾಗಿತ್ತು. ನನ್ನ ಬಾಲ್ಯದಲ್ಲಿ ಗದ್ದೆ ಬಯಲಿನಲ್ಲಿ ಟೆಂಟು ಹಾಕುತ್ತಿದ್ದರು. ಟೆಂಟಿನ ಹಿಂದಿನಿಂದ ನುಸುಳಿ, ಪರದೆಯ ಆ ಬದಿಯಲ್ಲಿ ಕೂತು, ಎಲ್ಲ ನಾಯಕರೂ ಎಡಗೈಯವರೆಂದು ನಾನು ಬಹಳ ವರ್ಷ ನಂಬಿದ್ದೆ. ಈಗ ಟೆಂಟೂ ಇಲ್ಲ. ಫೋನಿನಲ್ಲಿ ಸಿನಿಮಾ ತೋರಿಸುವ ಕಂಪನಿಗಳಿಗೆ ವಿಡಿಯೋ ಬರೆದರು, ಉತ್ತರ ಬರಲಿಲ್ಲ. ಮತ್ತೆ ನನ್ನ ತಲೆ ಓಡಿತು. ಕೊಡಗಿನಲ್ಲಿ ಟಾಕೀಸು ಇಲ್ಲದಿದ್ದರೇನು, ಊರಿಗೊಂದು ಸಮುದಾಯ ಭವನವಿದೆ. ಆಷಾಢದಲ್ಲಿ ಮದುವೆಗಳಿಲ್ಲದೆ ಖಾಲಿ ಬಿದ್ದಿರುತ್ತವೆ, ಬಾಡಿಗೆ ಕಡಿಮೆ. ವಿಡಿಯೋಗೂ ಆಗ ಕೆಲಸವಿರುವುದಿಲ್ಲ. ಇಂಥ ಹಂಚಿಕೆಯ ಯೋಜನೆ ಬೆಂಗಳೂರಿನವರಿಗೆ ಹೊಳೆದೀತೇ ಎಂದು ನಾನು ಬೀಗಿದೆ. ಆಷಾಢದಲ್ಲಿ ಮದುವೆ ಇಟ್ಟುಕೊಳ್ಳದಿರುವುದಕ್ಕೆ ನಮ್ಮ ಸೀಮೆಯಲ್ಲಿ ಶಾಸ್ತ್ರದ ಜೊತೆಗೆ ಮಳೆಯೂ ಒಂದು ಕಾರಣ ಎಂಬುದನ್ನು ಮರೆತಿದ್ದೆ.

ಮೊದಲ ಪ್ರದರ್ಶನ ಪೊನ್ನಂಪೇಟೆಯ ಕಡೆಯ ಒಂದು ಭವನದಲ್ಲಿ. ಭವನ ಗೊತ್ತುಮಾಡಿದ್ದು ನಾನು, ಆಹ್ವಾನ ಕೊಟ್ಟಿದ್ದು ನಾನು, ಅಡಿಗೆಯವರಿಗೆ ಹೇಳಿದ್ದು ನಾನು. ಊಟವಿಲ್ಲದೆ ಯಾರು ಬರುತ್ತಾರೆ? ಕಾರ್ಯಕ್ರಮದ ವಿಡಿಯೋ ಯಾರು ತೆಗೆಯುವುದು ಎಂಬ ಪ್ರಶ್ನೆ ಬಂದಾಗಲೂ ಉಳಿತಾಯದ ದಾರಿ ತೋರಿಸಿದ್ದು ನಾನೇ. "ಇನ್ನೊಬ್ಬನ್ನ ಯಾಕೆ ಕರೀಬೇಕು? ನೀವು ಹೆಂಗೂ ಇರ್ತೀರಲ್ಲ, ನೀವೇ ತೆಗೀರಿ." ಅವರು ತಲೆಯಾಡಿಸಿದರು.

ಜನ ಮದುವೆಗೆ ಬಂದ ಹಾಗೆಯೇ ಬಂದರು. ಕೆಲವರು ಕವರು ತಂದಿದ್ದರು. ಒಬ್ಬರು ಗೋಡೆ ಗಡಿಯಾರ ಉಡುಗೊರೆ ತಂದು, ಯಾರಿಗೆ ಕೊಡುವುದೆಂದು ತಿಳಿಯದೆ ಪರದೆಯ ಕೆಳಗಿಟ್ಟರು. ಮುಖ್ಯ ಅತಿಥಿಗಳು ಬರುವುದು ತಡವಾದ್ದರಿಂದ ಮೊದಲು ಸಿನಿಮಾ, ಊಟ, ಆಮೇಲೆ ಸಭೆ ಎಂದಾಯಿತು.

ಪರದೆ ಬೆಳಗಿತು. ಹಾಗೆಯೇ ಭವನದ ತಗಡಿನ ಮಾಡಿನ ಮೇಲೆ ಮಳೆಯೂ ಶುರುವಾಯಿತು. ಮಳೆ ಎಂದರೆ ಹುರಿದ ಕಾಫಿ ಬೀಜವನ್ನು ಯಾರೋ ಮೇಲಿನಿಂದ ಸುರಿಯುತ್ತಲೇ ಇದ್ದ ಹಾಗೆ. ಒಂದು ಮಾತೂ ಕೇಳಿಸಲಿಲ್ಲ. ಪಾರ್ಚ್‌ಮೆಂಟಿನವರು ಎದ್ದು ನಿಂತು, ಪರದೆಯ ಮೇಲೆ ತಮ್ಮ ಬಾಯಿ ಆಡಿದಾಗ ಇಲ್ಲಿಂದಲೇ ಗಟ್ಟಿಯಾಗಿ, "ಈ ಸೀಟು ಖಾಲಿ ಇದೆಯಾ?" ಎಂದು ಕೂಗಿದರು. ಹಿಂದಿನ ಸಾಲಿನವರು, "ಇಲ್ಲ, ಕೂತ್ಕೊಳ್ಳಿ," ಎಂದರು. ಆದರೂ ಎಲ್ಲರೂ ಖುಷಿಯಾಗಿದ್ದರು. ತಮ್ಮ ಮುಖ ಬಂದಾಗ ಚಪ್ಪಾಳೆ, ಹೆಂಡತಿಗೆ ಮೊಣಕೈ ತಿವಿತ, ಫೋನೆತ್ತಿ ಫೋಟೋ. ಕೊನೆಯ ಮುಖ ದಾಟಿ ಬಸ್ಸು ಕರಿಕೆ ತಲುಪುವ ಹೊತ್ತಿಗೆ ಅಡಿಗೆ ಮನೆಯಿಂದ ಒಗ್ಗರಣೆಯ ವಾಸನೆ ಬಂತು. ಮೊದಲ ಪಂಕ್ತಿಗೆ ಜಾಗ ಹಿಡಿಯಬೇಕಲ್ಲ. ಇಡೀ ಭವನ ಎದ್ದಿತು.

ನಾನೂ ಎದ್ದೆ. ಎಲೆ ಹಾಕಿದ್ದಾರೋ ಇಲ್ಲವೋ ನೋಡಬೇಕಿತ್ತು. ಬಾಗಿಲಲ್ಲಿ ತಿರುಗಿ ನೋಡಿದಾಗ ಕುರ್ಚಿಗಳ ನಡುವೆ ಜಯಮ್ಮ ಒಬ್ಬಳೇ ಕೂತಿದ್ದಳು. ಹಿಂದೆ ಗೋಡೆಗೊರಗಿ ವಿಡಿಯೋ ಮತ್ತು ಭವಾನಿ ನಿಂತಿದ್ದರು.

ಊಟದ ಮೇಲೆ ಸಭೆ. ನಿರೂಪಣೆಗೆ ಸ್ಥಳೀಯ ಮೇಷ್ಟ್ರೊಬ್ಬರು. ಮುಖ್ಯ ಅತಿಥಿಗಳು ಕಲೆಯ ಬಗ್ಗೆ ಮಾತಾಡಿದರು. ಅವರೂ ಸಿನಿಮಾ ನೋಡಿರಲಿಲ್ಲ. ಆಮೇಲೆ ಮೇಷ್ಟ್ರು ಮೈಕಿನಲ್ಲಿ, "ಈಗ ಚಿತ್ರದ ನಿರ್ದೇಶಕರಿಗೆ ಸನ್ಮಾನ," ಎಂದು ಹೇಳಿ, ಯಾರು ಎಂದು ಭವನದ ಕಾರ್ಯದರ್ಶಿಯ ಕಡೆ ಬಾಗಿದರು. ಕಾರ್ಯದರ್ಶಿ ಮೊದಲ ಸಾಲಿನಲ್ಲಿದ್ದ ನನ್ನ ಕಡೆ ಕೈ ತೋರಿಸಿದರು. ಅವರನ್ನು ದೂರುವಂತಿಲ್ಲ. ಮದುವೆ ಯಾರದ್ದು? ಮುಯ್ಯಿ ಕೇಳಿದವನದ್ದು, ಎಲೆ ಹಾಕಿಸಿದವನದ್ದು. ವಿಡಿಯೋ ತೆಗೆಯುವವರದ್ದು ಮದುವೆ ಎಂದು ಯಾರಾದರೂ ಅಂದುಕೊಳ್ಳುತ್ತಾರೆಯೇ?

ನನ್ನ ಮಂಡಿಯ ವಿಷಯ ಆಗಲೇ ಹೇಳಿದ್ದೇನೆ. ಕುರ್ಚಿಯಿಂದ ಏಳಬೇಕಾದರೆ ಎರಡು ಸಲ ಮುಂದಕ್ಕೆ ಬಾಗಿ, ಅಮ್ಮಾ ಎಂದು, ಯಾರದಾದರೂ ಭುಜ ಹಿಡಿಯಬೇಕು. ಅವತ್ತು ಬಾಣದಂತೆ ಎದ್ದೆ.

ಮೆಟ್ಟಿಲು ಹತ್ತುವಾಗ, ಮೇಲೆ ಹೋಗಿ ಹೇಳಿದರಾಯಿತು ಅಂದುಕೊಂಡೆ. ಶಾಲು ಹೊದಿಸಿದರು, ಇದಾಗಲಿ ಅಂದುಕೊಂಡೆ. ಪೇಟ ಇಟ್ಟರು, ಅದು ಕಣ್ಣಿನ ಮೇಲೆ ಜಾರಿತು. ಹಣ್ಣಿನ ಬುಟ್ಟಿ ಕೈಗೆ ಬಂತು. ಮೈಕು ಬಾಯಿಗೆ ಬಂತು. "ಇದು ನನ್ನ ಬಹಳ ವರ್ಷದ ಕನಸು," ಅಂದೆ. ಹೀಗೆಂದು ಹೇಳಲು ನಾನು ಯೋಚಿಸಿರಲಿಲ್ಲ, ಸತ್ಯವಾಗಿ. ಪೇಟ ತಲೆ ಮೇಲಿದ್ದರೆ ಮಾತು ತಾನಾಗಿ ಬರುತ್ತದೆ. "ಒಬ್ಬರೂ ಕ್ಯಾಮೆರಾ ನೋಡದ ಸಿನಿಮಾ ಮಾಡಬೇಕು ಅಂತ," ಎಂದೂ ಸೇರಿಸಿದೆ. ಜನ ಚಪ್ಪಾಳೆ ತಟ್ಟಿದರು.

ವೇದಿಕೆಯ ಕೆಳಗೆ, ಹೆಗಲ ಮೇಲೆ ಕ್ಯಾಮೆರಾ ಇಟ್ಟುಕೊಂಡು, ವಿಡಿಯೋ ಅದನ್ನೆಲ್ಲ ತೆಗೆಯುತ್ತಿದ್ದರು.

ಸಭೆ ಮುಗಿದ ಮೇಲೆ ಅವರು ಕ್ಯಾಮೆರಾ ಇಳಿಸಿದರು. ವೈರು ಸುತ್ತಿದರು, ಲೈಟು ಬಿಚ್ಚಿದರು. ಸಿನಿಮಾದ ಪೆನ್ ಡ್ರೈವ್ ನನ್ನ ಕೈಗಿಟ್ಟು, "ಮುಂದಿನ ಊರಿಗೆಲ್ಲ ನೀವೇ ತೋರಿಸ್ಬಿಡಿ ರೈಟ್ರೇ," ಅಂದರು. ಆದರೆ ಇನ್ನೊಂದು ಊರಿಗೆ ಅದು ಹೋಗಲಿಲ್ಲ, ಹೋಗುವ ಅಗತ್ಯವೂ ಬೀಳಲಿಲ್ಲ. ಮುಯ್ಯಿಯವರೆಲ್ಲ ತಂತಮ್ಮ ಮುಖ ಬರುವ ತುಂಡನ್ನು ಫೋನಿಗೆ ಹಾಕಿಸಿಕೊಂಡು ನೆಂಟರಿಗೆಲ್ಲ ಕಳಿಸಿದರು. ಒಂದು ಸಿನಿಮಾ ಇಷ್ಟು ಚೆನ್ನಾಗಿ ಹಂಚಿಕೆಯಾದದ್ದು ನಮ್ಮ ಜಿಲ್ಲೆಯಲ್ಲಿ ಬೇರೆ ಇರಲಾರದು. ತುಂಡು ತುಂಡಾಗಿ ಮನೆ ಮನೆಗೆ ತಲುಪಿತು. ಕರಿಕೆಯ ತುಂಡು ಮಾತ್ರ ಯಾರೂ ಕೇಳಲಿಲ್ಲ.

ತಿಂಗಳ ಮೇಲೆ ಸನ್ಮಾನದ ವಿಡಿಯೋ ಬಂತು. ಅವರ ಮಾಮೂಲಿ ಕವರು: ಗುಲಾಬಿ ಹೂವು, ಎರಡು ಹಂಸ, 'ಶುಭ ವಿವಾಹ'. ಜಯಮ್ಮನೂ ನಾನೂ ಟೀವಿಗೆ ಹಾಕಿಕೊಂಡು ನೋಡಿದೆವು. ಅತಿಥಿಗಳು ಕ್ಯಾಮೆರಾ ನೋಡುತ್ತಿದ್ದರು, ಮೇಷ್ಟ್ರು ನೋಡುತ್ತಿದ್ದರು, ಸುಬೇದಾರ್ರು ಮೊದಲ ಸಾಲಿನಿಂದ ಕತ್ತು ಚಾಚಿ ನೋಡುತ್ತಿದ್ದರು. ನಡುವೆ ಪೇಟ ಹೊತ್ತ ನಾನು. ಬುಟ್ಟಿಯ ಬಾಳೆಹಣ್ಣು ನೋಡುತ್ತಿದ್ದೇನೆ, ಮಾಡಿನ ತಗಡು ನೋಡುತ್ತಿದ್ದೇನೆ, ನನ್ನ ಚಪ್ಪಲಿ ನೋಡುತ್ತಿದ್ದೇನೆ. ಮಳೆಯ ಸದ್ದಿನ ನಡುವೆ ಕ್ಯಾಮೆರಾದ ಹಿಂದಿನಿಂದ ಅವರ ದನಿ ಕೇಳುತ್ತದೆ, ಎಂದಿನ ಹಾಗೆ ಮೆತ್ತಗೆ: "ರೈಟ್ರೇ, ಸ್ವಲ್ಪ ಈ ಕಡೆ ನೋಡಿ." ನೋಡುವುದಿಲ್ಲ. "ರೈಟ್ರೇ." ನೋಡುವುದಿಲ್ಲ.

ಹುಣಸೆ ಬರಲಿನ ಕಾಲದಿಂದ ಕ್ಯಾಮೆರಾ ಬಿಟ್ಟು ಬೇರೇನೂ ನೋಡಿ ಗೊತ್ತಿಲ್ಲದವನು ನಾನು.

"ಪಾಪ, ಅವ್ರ ಆಸೆ ತೀರ್ತು," ಅಂದಳು ಜಯಮ್ಮ. "ಒಬ್ರಾದ್ರೂ ಸಿಕ್ಕಿದ್ರಲ್ಲ."

ಅವತ್ತೇ ಕರಿಕೆಯ ಭಾಗ ಹಾಕಿಸಿ ನೋಡಿದೆ. ಭವಾನಿ ಕೊಡೆ ಕೊಡುತ್ತಾಳೆ. ಮನೆಯವಳು ಒಳಗೆ ಬಾ ಎನ್ನುತ್ತಾಳೆ, ಇವಳು ಬೇಡ ಎನ್ನುತ್ತಾಳೆ. ಮಳೆ ಬರುತ್ತದೆ. ತಲೆ ಮೇಲೆ ಸೆರಗೂ ಹಾಕಿಕೊಳ್ಳದೆ, ಅವಸರವಿಲ್ಲದೆ ನಡೆಯುತ್ತಾಳೆ. ಬಹಳ ದೂರ, ದಾರಿ ತಿರುಗುವ ತನಕ. ಇಷ್ಟೇ. ಯಾರದ್ದೋ ಒಂದನ್ನು ಯಾರಿಗೋ ವಾಪಸ್ ಕೊಟ್ಟು ಬಂದವಳ ನಡಿಗೆ ಹೇಗಿರುತ್ತದೆಂದು ನನಗೆ ಆಗ ಗೊತ್ತಾಯಿತು.

"ಭವನದಲ್ಲಿ ನೋಡೋವಾಗ ಯಾವ ಮಳೆ ಒಳಗಿಂದು ಯಾವ್ದು ಹೊರಗಿಂದು ತಿಳೀಲಿಲ್ಲ," ಅಂದಳು ಜಯಮ್ಮ. "ಕೊನೇಲಿ ಹೆಸರು ಬಂತು, ಬಿಳೀ ಅಕ್ಷರದಲ್ಲಿ. ಅಲ್ಲೀವರ್ಗೂ ನಂಗೂ ಗೊತ್ತಿರ್ಲಿಲ್ಲ. ನಿಮಗೆ ಗೊತ್ತಿತ್ತಾ?"

ನನಗೆ ಗೊತ್ತಿರಲಿಲ್ಲ. ವೇದಿಕೆಯ ಮೇಲೆ ಸತ್ಯ ಹೇಳಬೇಕೆಂದು ಬಾಯಿ ತೆರೆದಿದ್ದರೂ, ನಿರ್ದೇಶಕ ನಾನಲ್ಲ, ಇವರು, ಎಂದು ಕರೆಯಲು ನನ್ನ ಹತ್ತಿರ ಒಂದು ಹೆಸರಿರಲಿಲ್ಲ. ಇದನ್ನು ನೆಪವೆಂದು ಹೇಳುತ್ತಿಲ್ಲ. ತಪ್ಪಿನ ಲೆಕ್ಕಕ್ಕೇ ಸೇರಿಸಿಕೊಳ್ಳಿ.

ಈಗಲೂ ಮದುವೆಗಳಲ್ಲಿ ಅವರು ಸಿಗುತ್ತಾರೆ. ಹೆಣ್ಣು ಗಂಡಿಗೆ ಅಕ್ಷತೆ ಹಾಕಿ ಫೋಟೋಕ್ಕೆ ನಿಂತಾಗ, "ರೈಟ್ರೇ, ಈ ಕಡೆ," ಎನ್ನುತ್ತಾರೆ. ನಾನು ಹೆಣ್ಣಿನ ಹೂವಿನ ಹಾರ ನೋಡುತ್ತೇನೆ. ತಪ್ಪಾಯಿತು ಎಂಬ ಮಾತು ಗಂಟಲಿಗೆ ಬಂದು, ಪಾಯಸದ ಜೊತೆ ಒಳಗೆ ಹೋಗುತ್ತದೆ.

ಬರೆಯಲು ಕೂತು ಮೂರು ವಾರವಾಯಿತು. ಇವತ್ತು ಬೆಳಿಗ್ಗೆ ಪೇಟದೊಳಗಿಂದ ಕೀಚು ಕೀಚು ಶುರುವಾಗಿದೆ. ಕೋಳಿ ಇನ್ನೂ ಎದ್ದಿಲ್ಲ. ಜಯಮ್ಮ ಅಕ್ಕಿ ನುಚ್ಚು ಹಿಡಿದು ಕೊಟ್ಟಿಗೆಗೆ ಹೋಗುತ್ತಾ, ನನ್ನ ಕಡೆ ತಿರುಗಿಯೂ ನೋಡದೆ, "ಅದು ಮುಗಿಸ್ತು. ನಿಮ್ದು?" ಅಂದಳು.

ಸಿನಿಮಾದ ಕೊನೆಯಲ್ಲಿ, ಎಲ್ಲರೂ ಊಟಕ್ಕೆ ಎದ್ದುಹೋದ ಮೇಲೆ, ಖಾಲಿ ಕುರ್ಚಿಗಳ ಮುಂದೆ ಬಂದ ಆ ಒಂದು ಸಾಲನ್ನು ಇಲ್ಲಿ ಬರೆದು ನಿಲ್ಲಿಸುತ್ತೇನೆ. ಊಟಕ್ಕೆ ಏಳುವ ಮೊದಲು ಓದಿಬಿಡಿ.

ನಿರ್ದೇಶನ: ಕರಿಕೆಯ ಮೋಣಪ್ಪ.